ಬ್ರಿಟನ್ನಿನಲ್ಲಿ ಐಆರ್ ಎಂಎ: ಕನ್ಸಲ್ಟೆನ್ಸಿಯವರು ಹೇಳದೇ ಬಿಟ್ಟದ್ದು

ಬ್ರಿಟನ್ನಿಗೆ ಹೋಗಿ ಇಂಟರ್‌ನ್ಯಾಷನಲ್ ರಿಲೇಷನ್ಸ್ (ಐಆರ್, ಅಂದರೆ ದೇಶ-ದೇಶಗಳ ನಡುವಿನ ಸಂಬಂಧಗಳ ವಿಷಯ) ಎಂಎ ಓದಬೇಕು ಅಂತಿದ್ದೀರಾ? ಡೆಪಾಸಿಟ್ ಕಟ್ಟುವ ಮುಂಚೆ ಇದನ್ನು ಓದಿಬಿಡಿ.

ನಾನು 2023ರಲ್ಲಿ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ಮೂಲಕ ಹೋದೆ. "ನಮ್ಮದು ಫ್ರೀ ಸರ್ವಿಸ್ ಸಾರ್" ಅಂದಾಗ ಅಪ್ಪನಿಗೆ ಖುಷಿಯೋ ಖುಷಿ. ಒಬ್ಬೊಬ್ಬ ವಿದ್ಯಾರ್ಥಿಗೂ ಯೂನಿವರ್ಸಿಟಿಯಿಂದ ಅವರಿಗೆ ಕಮಿಷನ್ ಬರುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ವಿಶ್ವಸಂಸ್ಥೆ, ಎಂಬಸಿ, ಥಿಂಕ್ ಟ್ಯಾಂಕ್ (ನೀತಿ ಸಂಶೋಧನಾ ಸಂಸ್ಥೆ), ಎಲ್ಲಾ ಕಡೆ ಕೆಲಸ ಇದೆ ಎಂದರು ಕೌನ್ಸೆಲರ್ ಮೇಡಂ. ಮೇಲೆ, ಓದು ಮುಗಿದ ನಂತರ ಅಲ್ಲೇ ಉಳಿದು ಕೆಲಸ ಮಾಡಲು ಎರಡು ವರ್ಷ ಗ್ರಾಜುಯೇಟ್ ವೀಸಾ.

ವೀಸಾ ಮಾತು ನಿಜ. ಆದರೆ 2027ರ ಜನವರಿ 1ರಿಂದ ಅರ್ಜಿ ಹಾಕುವ ಎಂಎಯವರಿಗೆ ಅದೂ 18 ತಿಂಗಳಿಗೆ ಇಳಿಯುತ್ತದೆ.

ಉಳಿದದ್ದು ಬರೀ ಗಾಳಿಮಾತು. ಬ್ರಿಟನ್ನಿನ ವಿದೇಶಾಂಗ ಇಲಾಖೆಗೆ ಸೇರಲು ಬ್ರಿಟಿಷ್ ಪ್ರಜೆಯೇ ಆಗಿರಬೇಕು. ನಮ್ಮ ಐಎಫ್‌ಎಸ್‌ಗೆ (ಭಾರತೀಯ ವಿದೇಶಾಂಗ ಸೇವೆ) ಯುಪಿಎಸ್‌ಸಿ ಬರೆಯಬೇಕು, ಅದಕ್ಕೆ ಯಾವುದಾದರೂ ಡಿಗ್ರಿ ಸಾಕು. ವಿಶ್ವಸಂಸ್ಥೆಯ ಸೆಕ್ರೆಟೇರಿಯಟ್ ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ. ಜಿನೀವಾದ ಬಾಡಿಗೆ ನಮ್ಮ ಜೇಬಿನಿಂದಲೇ ಕಟ್ಟಬೇಕು! ಯುವಕರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಅವರ ವೈಪಿಪಿ (ಯಂಗ್ ಪ್ರೊಫೆಷನಲ್ಸ್ ಪ್ರೋಗ್ರಾಂ) ಪರೀಕ್ಷೆಗೂ ಆ ವರ್ಷದ ಪಟ್ಟಿಯಲ್ಲಿ ನಿಮ್ಮ ದೇಶ ಇರಬೇಕು, ವಯಸ್ಸು 32 ದಾಟಿರಬಾರದು.

ಥಿಂಕ್ ಟ್ಯಾಂಕ್ ಇಂಟರ್‌ವ್ಯೂಗಳು ಚೆನ್ನಾಗಿಯೇ ಹೋಗುತ್ತಿದ್ದವು, "ಮುಂದೆ ಸ್ಪಾನ್ಸರ್‌ಶಿಪ್ ಬೇಕಾ?" ಅನ್ನುವ ಪ್ರಶ್ನೆ ಬರುವ ತನಕ. ಗ್ರಾಜುಯೇಟ್ ವೀಸಾ ಮುಗಿದ ಮೇಲೂ ಅಲ್ಲಿ ದುಡಿಯಬೇಕಾದರೆ ಸಾಮಾನ್ಯವಾಗಿ ಸ್ಕಿಲ್ಡ್ ವರ್ಕರ್ ವೀಸಾ ಬೇಕು, ಅದಕ್ಕೆ ಕೆಲಸ ಕೊಡುವವರೇ ಸ್ಪಾನ್ಸರ್ ಆಗಬೇಕು. ನಾನಿನ್ನೂ ಓದುತ್ತಿರುವಾಗಲೇ, 2024ರ ಏಪ್ರಿಲ್‌ನಲ್ಲಿ, ಈ ವೀಸಾಕ್ಕೆ ಬೇಕಾದ ಕನಿಷ್ಠ ವಾರ್ಷಿಕ ಸಂಬಳ 26,200 ಪೌಂಡಿನಿಂದ 38,700ಕ್ಕೆ ಏರಿತು. ಹೊಸಬರಿಗೆ ರಿಯಾಯಿತಿ ಇತ್ತು, ಅದೂ 30,960. ಆಮೇಲೆ ಇನ್ನೂ ಏರಿದೆ. ರಿಸರ್ಚ್ ಅಸಿಸ್ಟೆಂಟ್ ಒಬ್ಬನಿಗಾಗಿ ಚಿಕ್ಕ ಸಂಸ್ಥೆಗಳು ಇಷ್ಟೆಲ್ಲಾ ತಾಪತ್ರಯ ಯಾಕೆ ಪಡುತ್ತವೆ, ಅಲ್ವಾ?

ಪಾಠದ ಬಗ್ಗೆ ನನಗೆ ದೂರಿಲ್ಲ. ಮೇಷ್ಟ್ರುಗಳು ಒಳ್ಳೆಯವರು, ಲೈಬ್ರರಿ ಅದ್ಭುತ. ಆದರೆ ಬ್ಯಾಂಕಿನವರು ಲೈಬ್ರರಿ ನೋಡಿ ಕಂತು ಮಾಫಿ ಮಾಡುವುದಿಲ್ಲ. ಈಗ ಊರಿಗೆ ವಾಪಸ್ ಬಂದು, ಓದಿಗೆ ಸಂಬಂಧವೇ ಇಲ್ಲದ ಕೆಲಸ ಮಾಡಿ ಸಾಲ ತೀರಿಸುತ್ತಿದ್ದೇನೆ. ದೆಹಲಿಯ ಜೆಎನ್‌ಯುನಲ್ಲಿ ಇದೇ ವಿಷಯಕ್ಕೆ ಸಿಯುಇಟಿ ಪಿಜಿ ಪ್ರವೇಶ ಪರೀಕ್ಷೆ ಬರೆದು ಸೇರಬಹುದು, ಫೀಸ್ ತೀರಾ ಕಮ್ಮಿ. ಮೇಡಂ ಬಾಯಲ್ಲಿ ಆ ಹೆಸರೇ ಬರಲಿಲ್ಲ. ಅಲ್ಲಿಂದ ಕಮಿಷನ್ ಬರಲ್ವಲ್ಲ!

ಹೋಗಲೇಬೇಕು ಅನ್ನುವವರು ಏಜೆಂಟನ್ನು ಬಿಟ್ಟು ಡಿಪಾರ್ಟ್‌ಮೆಂಟ್‌ಗೇ ಮೇಲ್ ಹಾಕಿ. ಹಿಂದಿನ ಬ್ಯಾಚಿನ ಭಾರತೀಯರು ಈಗ ಎಲ್ಲಿದ್ದಾರೆ, ಅವರಲ್ಲಿ ಎಷ್ಟು ಜನಕ್ಕೆ ಸ್ಪಾನ್ಸರ್‌ಶಿಪ್ ಸಿಕ್ಕಿತು ಅಂತ ಕೇಳಿ. ಸುಮ್ನೆ ಬ್ರೋಷರ್ ಕಳಿಸಿದರೆ ಡೆಪಾಸಿಟ್ ಕಟ್ಟಬೇಡಿ. ಲಿಂಕ್ಡ್‌ಇನ್‌ನಲ್ಲಿ ಆ ಬ್ಯಾಚಿನವರನ್ನು ನೀವೇ ಹುಡುಕಿ ಮಾತಾಡಿಸಿ.