ಹಾಂಗ್‌ಝೌಗೆ ಹೋದರೆ ಲಿಂಗ್‌ಯಿನ್‌ಗೆ ಒಂದು ಇಡೀ ದಿನ ಇಡಿ

ಏಪ್ರಿಲ್ ರಜೆಯಲ್ಲಿ ಅಮ್ಮನನ್ನೂ ಕರೆದುಕೊಂಡು ಚೀನಾದ ಹಾಂಗ್‌ಝೌಗೆ ಹೋಗಿದ್ದೆವು. ಶಾಂಘೈನಿಂದ ಫಾಸ್ಟ್ ಟ್ರೈನಿನಲ್ಲಿ ಸುಮಾರು ಒಂದು ಗಂಟೆ. ಎಲ್ಲರೂ ಅಲ್ಲಿನ ವೆಸ್ಟ್ ಲೇಕ್ ಸರೋವರದ ಫೋಟೋ ಹಾಕುತ್ತಾರೆ, ಆದರೆ ನಮ್ಮ ಮನಸ್ಸಲ್ಲಿ ಉಳಿದದ್ದು ಲಿಂಗ್‌ಯಿನ್ ದೇವಸ್ಥಾನ.

ಕ್ರಿ.ಶ. 328ರಲ್ಲಿ ಇದನ್ನು ಶುರು ಮಾಡಿದ್ದು ಭಾರತದಿಂದ ಹೋದ ಒಬ್ಬ ಭಿಕ್ಷು ಅಂತ ಹೇಳುತ್ತಾರೆ. ಚೀನೀ ಹೆಸರು ಹುಯಿಲಿ. ಎದುರಿನ ಗುಡ್ಡ ನೋಡಿ, ಇದು ನಮ್ಮ ದೇಶದ್ದು, ಇಲ್ಲಿಗೆ ಯಾವಾಗ ಹಾರಿ ಬಂತು ಎಂದರಂತೆ. ಅದಕ್ಕೇ ಅದರ ಹೆಸರು ಫೇಲೈ ಫೆಂಗ್, ಹಾರಿ ಬಂದ ಗುಡ್ಡ. ಸುತ್ತಲೂ ಮರಳುಗಲ್ಲಿನ ಗುಡ್ಡಗಳು, ಇದೊಂದು ಮಾತ್ರ ಸುಣ್ಣಕಲ್ಲು, ಒಳಗೆಲ್ಲ ಗುಹೆ. ನಮ್ಮ ಕುಂಬಳೆ ಕಡೆ ಎಲ್ಲಿ ಅಗೆದರೂ ಮುರಕಲ್ಲು, ಅದರ ನಡುವೆ ಇಂಥದ್ದೊಂದು ಬಂಡೆ ಎದ್ದಿದ್ದರೆ ನಮ್ಮ ಅಜ್ಜಂದಿರೂ ಒಂದು ಕಥೆ ಹೇಳುತ್ತಿದ್ದರು, ಅಲ್ವಾ? ಬಂಡೆಯಲ್ಲೇ ಕೆತ್ತಿದ ಮೂರ್ತಿಗಳು ಮುನ್ನೂರಕ್ಕೂ ಜಾಸ್ತಿ. ಹೊಟ್ಟೆ ಬಿಟ್ಟು ನಗುವ ಮೈತ್ರೇಯ ಬುದ್ಧನ ಮುಂದೆ ಅಮ್ಮ ತುಂಬಾ ಹೊತ್ತು ಕೈಮುಗಿದು ನಿಂತಿದ್ದರು.

ಊಟದ ಚಿಂತೆ ಇರುವವರಿಗೆ ಒಂದು ಮಾತು. ಸರೋವರದ ಬದಿಯ ಒಂದು ಹೋಟೆಲಲ್ಲಿ ಸಸ್ಯಾಹಾರ ಅಂತ ಹೇಳಿ ಕೊಟ್ಟ ನೂಡಲ್ಸಲ್ಲಿ ಮಾಂಸದ ಚೂರು ಸಿಕ್ಕಿತು, ಅಮ್ಮ ಆ ದಿನ ಬರೀ ಹಣ್ಣು ತಿಂದರು, ನನಗೆ ತುಂಬಾ ಬೇಜಾರಾಯಿತು. ದೇವಸ್ಥಾನದ ನೂಡಲ್ಸಲ್ಲಿ ಆ ಭಯ ಇಲ್ಲ. ಅಲ್ಲಿನ ಭಿಕ್ಷುಗಳು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ, ನಮ್ಮ ಏಕಾದಶಿಯವರ ಹಾಗೆ. 'ವೋ ಚೀ ಸು' ಎಂದರೆ ನಾನು ಸಸ್ಯಾಹಾರಿ, ಇದನ್ನು ಬಾಯಿಪಾಠ ಮಾಡಿಕೊಂಡು ಹೋಗಿ.

ಸರೋವರದ ದಡದ ಪಾರ್ಕುಗಳಿಗೆ ಟಿಕೆಟ್ ಇಲ್ಲ. ಸು ಕಟ್ಟೆಯ ಮೇಲೆ ಬೆಳಗ್ಗೆ ಬೇಗ ನಡೆಯಿರಿ. ಸುಮಾರು 2.8 ಕಿಲೋಮೀಟರ್, ಆರು ಸೇತುವೆ, ಎರಡೂ ಬದಿಗೆ ನೀರು. ಹನ್ನೊಂದನೇ ಶತಮಾನದ ಕೊನೆಯಲ್ಲಿ ಕವಿ ಸು ಡಾಂಗ್‌ಪೋ ಇಲ್ಲಿ ಅಧಿಕಾರಿಯಾಗಿದ್ದಾಗ ಸರೋವರದ ಹೂಳೆತ್ತಿಸಿ, ಆ ಹೂಳಿನಿಂದಲೇ ಈ ಕಟ್ಟೆ ಹಾಕಿಸಿದರು. ಕೆರೆ ಹೂಳನ್ನು ಅಡಕೆ ತೋಟಕ್ಕೆ ಹೊರುವ ನಮಗೆ ಆ ಬುದ್ಧಿ ಎಂಥದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ಲೇಫೆಂಗ್ ಪಗೋಡಾ ಸಮಯ ಇದ್ದರೆ ಮಾತ್ರ ನೋಡಿ. ಹಳೆಯದು 1924ರಲ್ಲಿ ಕುಸಿದು ಬಿತ್ತು, ಈಗಿನದು 2002ರದ್ದು, ಎಸ್ಕಲೇಟರ್ ಇದೆ. ಮೊಣಕಾಲು ನೋವಿನವರಿಗೆ ಅದೇ ದೊಡ್ಡ ಅನುಕೂಲ.

ಫೋನಿನಲ್ಲಿ ಅಲಿಪೇ ಎಂಬ ಹಣ ಕೊಡುವ ಆ್ಯಪ್ ಹಾಕಿ ಕಾರ್ಡ್ ಜೋಡಿಸಿಯೇ ಹೊರಡಿ. ಮೇ 1 ಮತ್ತು ಅಕ್ಟೋಬರ್ ಮೊದಲ ವಾರ ಮಾತ್ರ ಬೇಡ, ಅಲ್ಲಿನವರಿಗೂ ಆಗಲೇ ರಜೆ.