ಕಯಾಕ್‌ಗೆ ಮನೆಯಲ್ಲೇ ಮಾಡಿದ ರಾಡ್ ಹೋಲ್ಡರ್: ಪೈಪ್ ಗಟ್ಟಿ, ಕಟ್ಟು ಸಡಿಲ

ಕಯಾಕ್ ಅಂದ್ರೆ ಕೂತು ಹುಟ್ಟು ಹಾಕೋ ಸಣ್ಣ ದೋಣಿ; ಅದರ ಮೇಲೆ ಮೀನು ಹಿಡಿಯುವವನಿಗೆ ಇರೋದು ಎರಡೇ ಕೈ. ಎರಡೂ ಹುಟ್ಟಿಗೇ ಬೇಕು. ಗಾಳದ ರಾಡ್ ಎಲ್ಲಿಡೋದು? ರೆಡಿಮೇಡ್ ಹೋಲ್ಡರ್ ಕೂರಿಸಬೇಕಂದ್ರೆ ಹೆಚ್ಚಾಗಿ ಕಯಾಕ್ ಮೈಗೆ ತೂತು ಹೊಡೀಬೇಕು. ಅದಕ್ಕೆ ನನಗೆ ಮನಸ್ಸಿಲ್ಲ. ಹಂಗಾಗಿ ಹುಬ್ಬಳ್ಳಿಯಲ್ಲೇ ಒಂದು ಹಳೇ ಟೊಮೆಟೊ ಕ್ರೇಟ್ ಮತ್ತು ಒಂದೂವರೆ ಇಂಚಿನ ಪಿವಿಸಿ ಪೈಪ್ ತಂದು ಮನೆಯಲ್ಲೇ ಮಾಡಿಕೊಂಡೆ. ಮುಂಡರಗಿ ಕಡೆ ಹಮ್ಮಿಗಿ ಹತ್ತಿರ ತುಂಗಭದ್ರೆಯ ಹಿನ್ನೀರಲ್ಲಿ ಬೇಸಿಗೆ, ಮಳೆ ಎರಡನ್ನೂ ಕಂಡಿದೆ ಇದು.

ಪೈಪ್ ಬಗ್ಗೆ ದೂರಿಲ್ಲ. ಒಂದೊಂದು ಅಡಿಯ ತುಂಡು ಮಾಡಿ, ಬಾಯಿಯ ಕಡೆ ಮೂರು ಇಂಚು ಉದ್ದದ ಸೀಳು ಕೊಟ್ಟರೆ ದಾರ ಸುತ್ತೋ ಸ್ಪಿನ್ನಿಂಗ್ ರೀಲಿನ ಕಾಲು ಅದರಲ್ಲಿ ಕೂರುತ್ತೆ, ರಾಡ್ ತಿರುಗಲ್ಲ. ಸೀಳಿನ ಅಂಚನ್ನು ಪಾಲಿಶ್ ಪೇಪರಿನಿಂದ ಚೆನ್ನಾಗಿ ಉಜ್ಜಬೇಕು. ಇಲ್ಲಾಂದ್ರೆ ದಾರ ತಾಗಿ ತಾಗಿ ಸವೆಯುತ್ತೆ. ಬಿಸಿಲಿಗೆ ಬಿಳಿ ಪೈಪ್ ಹಳದಿ ತಿರುಗಿದೆ, ಬಿರುಕೇನೂ ಬಂದಿಲ್ಲ. ಒಂದು ಕೋಟ್ ಬಣ್ಣ ಹೊಡೆದರೆ ಇನ್ನೂ ಬಾಳಿಕೆ ಬರುತ್ತೆ.

ಕೈ ಕೊಟ್ಟಿದ್ದು ಪೈಪನ್ನು ಕ್ರೇಟಿಗೆ ಬಿಗಿದ ಕಟ್ಟು. ಬಿಳಿ ಕೇಬಲ್ ಟೈ ಬಿಸಿಲಿಗೆ ಒಣಗಿ, ಒಂದು ಸಲ ಜಗ್ಗಿದ್ದಕ್ಕೇ ಪಟಕ್ ಅಂತ ತುಂಡಾಯ್ತು. ಕಪ್ಪು ಟೈ ಬಿಸಿಲು ತಡೆಯುತ್ತೆ, ಆದ್ರೆ ನುಣುಪು ಪೈಪಿನ ಮೇಲೆ ಜಾರುತ್ತೆ. ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬ್ ತಂದು, ಪಟ್ಟಿ ಕತ್ತರಿಸಿ, ಪೈಪಿಗೂ ಕ್ರೇಟಿಗೂ ನಡುವೆ ಸುತ್ತಿ, ಅದರ ಮೇಲೆ ಕಪ್ಪು ಟೈ ಬಿಗಿದೆ. ಈಗ ಅಲುಗಾಡಲ್ಲ. ಕ್ರೇಟನ್ನು ಸೀಟಿನ ಹಿಂದೆ ಬಂಜಿ ಹಗ್ಗದಿಂದ ಕಟ್ಟಿದ್ದೇನೆ. ಮನೆಗೆ ಬಂದ ಮೇಲೆ ಹಗ್ಗ ಬಿಚ್ಚಿ ಎತ್ತಿಟ್ಟರಾಯ್ತು.

ಪೈಪನ್ನು ನೆಟ್ಟಗೆ ನಿಲ್ಲಿಸಬೇಡಿ, ಹಿಂದಕ್ಕೆ ಓರೆ ಮಾಡಿ. ನೆಟ್ಟಗಿದ್ರೆ ಗಾಳ ಬೀಸುವಾಗ ಕೈಯಲ್ಲಿರೋ ರಾಡ್ ಹಿಂದಿನದಕ್ಕೆ ಬಡಿಯುತ್ತೆ. ಆದ್ರೆ ಓರೆ ಮಾಡಿದರೂ ದಂಡೆಯ ಬಳ್ಳಾರಿ ಜಾಲಿ ಬಿಡಲ್ಲ. ಅದರ ಕೆಳಗೆ ನುಗ್ಗುವಾಗ ಮುಳ್ಳಿಗೆ ರಾಡಿನ ತುದಿ ಸಿಕ್ಕಿಕೊಂಡು ಇಡೀ ಕ್ರೇಟೇ ವಾಲುತ್ತೆ. ಅಲ್ಲಿ ರಾಡನ್ನು ಕಾಲ ಮೇಲೆ ಮಲಗಿಸಿಕೊಳ್ಳೋದೇ ವಾಸಿ.

ಮಳೆಗಾಲ ಶುರುವಾದ ಮೇಲೆ ಕಪ್ಪತಗುಡ್ಡದ ಗಾಳಿ ಗೊತ್ತಲ್ಲ, ಸುಮ್ನೆ ಅಲ್ಲಿ ಗಾಳಿಯಂತ್ರ ನಿಲ್ಲಿಸಿಲ್ಲ. ಆಗ ಪ್ರತಿ ರಾಡಿಗೂ ಒಂದು ದಾರ ಕಟ್ಟಿ ಕ್ರೇಟಿಗೆ ಗಂಟು ಹಾಕಿ. ಪಿವಿಸಿ ನೀರಿಗಿಂತ ಭಾರ, ತೇಲಲ್ಲ. ಅದಕ್ಕೇ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮನ್ನು ಕ್ರೇಟಿನ ಒಳಗೋಡೆಗೆ ದಪ್ಪಗೆ ತುಂಬಿದ್ದೇನೆ. ಮನೆ ಹಿಂದಿನ ನೀರಿನ ತೊಟ್ಟಿಯಲ್ಲಿ ಬಿಟ್ಟು ನೋಡಿದೆ, ಖಾಲಿ ಕ್ರೇಟ್ ತೇಲಿತು. ಸಾಮಾನು ತುಂಬಿದ ಮೇಲೆ ಆ ಭರವಸೆ ಇಟ್ಟುಕೊಳ್ಳಬೇಡಿ.

ನಿಂತ ನೀರಲ್ಲಿ ಜಿಲೇಬಿ, ರೋಹು ಮೀನು ಹಿಡಿಯೋರಿಗೆ ಈ ಹೋಲ್ಡರ್ ಅಂದ್ರೆ ಐದಕ್ಕೆ ನಾಲ್ಕು ಅಂಕ ಕೊಡ್ತೀನಿ. ಹುಟ್ಟು ಹಾಕ್ತಾ ಹಿಂದೆ ಗಾಳ ಎಳೆದುಕೊಂಡು ಹೋಗೋರಿಗೆ ಎರಡೇ. ದೊಡ್ಡ ಕಾಟ್ಲಾ ಪಕ್ಕಕ್ಕೆ ಜಗ್ಗಿದರೆ ಬಂಜಿ ಹಗ್ಗ ಹಿಗ್ಗಿ ಕ್ರೇಟ್ ತಿರುಗಿಬಿಡುತ್ತೆ. ಅಂಥವರು ತೂತು ಹೊಡೆದಾದರೂ ಸರಿ, ಸ್ಟೀಲ್ ಬೋಲ್ಟ್ ಹಾಕಿ ಕೂರಿಸೋ ಹೋಲ್ಡರೇ ತಗೊಳ್ಳಿ.