ನಾಮಿನಿ ಸಾಲಿನಲ್ಲಿ ಅಮ್ಮನ ಹೆಸರೇ ಉಳಿದಿತ್ತು

ಅಣ್ಣ ತೀರಿಕೊಂಡು ತಿಂಗಳಾದ ಮೇಲೆ ಅತ್ತಿಗೆ ಜೊತೆ ಇನ್ಶೂರೆನ್ಸ್ ಆಫೀಸಿಗೆ ಹೋಗಿದ್ದೆ. ಅಣ್ಣ ಒಂದು ಕಂತನ್ನೂ ತಪ್ಪಿಸಿರಲಿಲ್ಲ. ಪಾಲಿಸಿ ಬಾಂಡ್, ಮರಣ ಪ್ರಮಾಣಪತ್ರ ಕೊಟ್ಟರೆ ಸಾಕು ಅಂದುಕೊಂಡಿದ್ದೆವು.

ಕೌಂಟರಿನಲ್ಲಿದ್ದವರು ಬಾಂಡ್ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು, "ಇವರು ಬಂದಿಲ್ವಾ?" ಅಂತ ಕೇಳಿದರು. ಅದು ನಾಮಿನಿ ಸಾಲು, ಅಂದರೆ ಪಾಲಿಸಿ ಮಾಡಿಸಿದವರು ತೀರಿಕೊಂಡರೆ ದುಡ್ಡು ಯಾರ ಕೈಗೆ ಕೊಡಬೇಕು ಅಂತ ಬರೆಯುವ ಜಾಗ. ಅಲ್ಲಿದ್ದದ್ದು ಅಮ್ಮನ ಹೆಸರು. ಸಂಬಂಧ: ತಾಯಿ. ಅಮ್ಮ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಪಾಲಿಸಿ ಮಾಡಿಸಿದಾಗ ಅಣ್ಣನಿಗೆ ಮದುವೆಯಾಗಿರಲಿಲ್ಲ. ಆಮೇಲೆ ಮದುವೆಯಾಯಿತು, ಎರಡು ಮಕ್ಕಳಾದವು. ಆ ಸಾಲು ಮಾತ್ರ ಹಾಗೇ ಇತ್ತು. ಅತ್ತಿಗೆ ಏನೂ ಮಾತಾಡಲಿಲ್ಲ. ಕೈಯಲ್ಲಿದ್ದ ಖಾಲಿ ಕವರನ್ನು ಮಡಚುತ್ತಾ, ಬಿಚ್ಚುತ್ತಾ ನಿಂತುಬಿಟ್ಟರು.

ನಾಮಿನಿ ಬದುಕಿಲ್ಲದಿದ್ದರೆ ದುಡ್ಡು ವಾರಸುದಾರರಿಗೆ ಹೋಗಬೇಕು. ವಾರಸುದಾರರು ಯಾರು ಅಂತ ಕಂಪನಿ ತಾನೇ ತೀರ್ಮಾನ ಮಾಡಲಿಲ್ಲ, ಕೋರ್ಟಿನ ಪತ್ರ ಕೇಳಿತು. ವಕೀಲರು, ಅರ್ಜಿ, ವಾಯಿದೆ ಮೇಲೆ ವಾಯಿದೆ. ಹನ್ನೊಂದು ತಿಂಗಳು ಹಿಡಿಯಿತು. ಅಷ್ಟು ದಿನ ಮನೆ ನಡೆದದ್ದು ಸಾಲದ ಮೇಲೆ.

ಇನ್ನೊಂದು ಸಣ್ಣ ಪಾಲಿಸಿಯಲ್ಲಿ ದೊಡ್ಡ ಮಗಳ ಹೆಸರಿತ್ತು. ಅವಳಿಗೆ ಒಂಬತ್ತು ವರ್ಷ. ಅಷ್ಟು ಚಿಕ್ಕ ಮಗುವಿನ ಕೈಗೆ ದುಡ್ಡು ಕೊಡುವುದಿಲ್ಲ ಅಲ್ವಾ? ಅವಳ ಪರವಾಗಿ ಯಾರು ಪಡೆಯಬೇಕು ಅಂತ ಬರೆಯಲು ಫಾರಂನಲ್ಲಿ ಜಾಗ ಇತ್ತು. ಅದು ಖಾಲಿ. ಹೆತ್ತ ತಾಯಿ ಎದುರಿಗೇ ನಿಂತಿದ್ದರೂ ಮತ್ತೆ ಕಾಗದ ಪತ್ರಕ್ಕೆ ಓಡಾಡಬೇಕಾಯಿತು. ಆ ಪಾಲಿಸಿ ಮಾಡಿಸಿದಾಗ ಚಿಕ್ಕವನು ಇನ್ನೂ ಹುಟ್ಟಿರಲಿಲ್ಲ. ದೊಡ್ಡವರ ಮಾತು ಕೇಳಿಸಿಕೊಂಡು ಒಂದು ದಿನ, "ಅಪ್ಪ ನನ್ನ ಹೆಸರು ಯಾಕೆ ಬರೆದಿಲ್ಲ?" ಅಂದ. ಅವನಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ.

ದಯವಿಟ್ಟು ಇವತ್ತೇ ನಿಮ್ಮ ಬಾಂಡ್ ತೆಗೆದು ಆ ಸಾಲು ಓದಿ. ಮದುವೆಯಾದರೆ, ಮಗುವಾದರೆ ಅದು ತಾನಾಗಿ ಬದಲಾಗುತ್ತದೆ ಅಂತ ಕೂರಬೇಡಿ. ಒಬ್ಬರಿಗಿಂತ ಜಾಸ್ತಿ ಜನರ ಹೆಸರು ಹಾಕಿದರೆ ಯಾರಿಗೆ ಶೇಕಡಾ ಎಷ್ಟು ಅಂತ ಬರೆಯಿರಿ, ಕೂಡಿದರೆ 100 ಆಗಬೇಕು. ಮೊದಲನೆಯವರು ಇಲ್ಲದೇ ಹೋದರೆ ಯಾರಿಗೆ ಅನ್ನುವುದನ್ನೂ ಸೇರಿಸಿ. ಮನೆಯಲ್ಲಿ ಕರೆಯುವ ಹೆಸರು ಬೇಡ, ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಲಿ. ವಿಲ್ ಬರೆದಿದ್ದೀನಲ್ಲ ಅಂತ ಸುಮ್ನೆ ಇರಬೇಡಿ, ಕಂಪನಿ ಮೊದಲು ನೋಡುವುದು ತನ್ನ ದಾಖಲೆಯನ್ನೇ. ಇನ್ನೊಂದು ವಿಷಯ ನನಗೂ ಆಗಲೇ ಗೊತ್ತಾಗಿದ್ದು: ದುಡ್ಡು ನಾಮಿನಿಯದ್ದೇ ಆಗುತ್ತದಾ, ಅಥವಾ ಅವರು ಪಡೆದು ವಾರಸುದಾರರಿಗೆ ಹಂಚಬೇಕಾ ಅನ್ನುವುದು ಎಲ್ಲ ಕಡೆ ಒಂದೇ ರೀತಿ ಇಲ್ಲ. ಏಜೆಂಟನ್ನು ಬಿಡದೆ ಕೇಳಿ.

ಆ ದಿನ ಆಫೀಸಿನಿಂದ ಬಂದವನೇ ನನ್ನ ಪಾಲಿಸಿ ಹುಡುಕಿ ತೆಗೆದೆ. ಅದರಲ್ಲೂ ಅಮ್ಮನ ಹೆಸರೇ ಇತ್ತು. ಮಾರನೆಯ ದಿನವೇ ಬದಲಾವಣೆಯ ಫಾರಂ ಕೊಟ್ಟೆ. ಬದಲಾಯಿಸಿದ್ದೇವೆ ಅಂತ ಅವರು ಕಳಿಸಿದ ಪತ್ರವನ್ನು ಬಾಂಡಿಗೇ ಪಿನ್ ಮಾಡಿ, ಎಲ್ಲಿಟ್ಟಿದ್ದೇನೆ ಅಂತ ಹೆಂಡತಿಗೆ ತೋರಿಸಿದೆ.